ಕೆಲಸ ಬಿಡೋ ಮುಂಚೆ ಪಿಎಫ್ ಪಾಸ್‌ಬುಕ್ ಒಂದ್ಸಲ ತೆಗೆದು ನೋಡಿ

ಪೀಣ್ಯದ ಸುತ್ತಮುತ್ತ ಕಂಪನಿಗಳಿಗೆ ಸಂಬಳ, ಪಿಎಫ್ ಲೆಕ್ಕ ಮಾಡಿಕೊಡೋದು ನನ್ನ ಕೆಲಸ. ಮಗು ಆಯ್ತು, ಕೆಲಸ ಬಿಡ್ತೀನಿ ಅಂತ ಬರೋ ಹೆಣ್ಮಕ್ಕಳು ಬಹಳ ಜನ, ಹೇಳೋ ಲೆಕ್ಕ ಹೆಚ್ಚುಕಮ್ಮಿ ಒಂದೇ: ಸಂಬಳ 22 ಸಾವಿರ, ಡೇ ಕೇರ್‌ಗೆ 8, ಓಡಾಟಕ್ಕೆ 2, ಮನೆಕೆಲಸದವರಿಗೆ 3, ಉಳಿಯೋದೆಷ್ಟು ಮೇಡಂ, ಅಷ್ಟಕ್ಕೋಸ್ಕರ ಮಗೂನ ಬಿಟ್ಟು ಬರ್ಬೇಕಾ ಅಂತಾರೆ. ಗಂಡ ಜೊತೇಲಿ ಬಂದಿದ್ರೆ ನಾನು ಅವ್ರನ್ನೇ ಕೇಳ್ತೀನಿ, ಮಗು ಇಬ್ಬರದೂ ಅಲ್ವಾ, ಡೇ ಕೇರ್ ಖರ್ಚು ಇವ್ರ ಸಂಬಳದಲ್ಲಿ ಮಾತ್ರ ಯಾಕೆ ಕಳೀತೀರಾ ಅಂತ.

ಆ ಲೆಕ್ಕಕ್ಕೆ ಬರದೇ ಇರೋ ದುಡ್ಡೂ ಇದೆ, ಪಿಎಫ್ ಪಾಸ್‌ಬುಕ್ ತೆಗೆದ್ರೆ ಕಾಣುತ್ತೆ. ಬೇಸಿಕ್, ಅಂದ್ರೆ ಮೂಲ ಸಂಬಳ, 15 ಸಾವಿರ ಇದ್ರೆ ನಿಮ್ಮಿಂದ 1,800 ಪಿಎಫ್‌ಗೆ ಕಟ್ ಆಗುತ್ತೆ, ಕಂಪನಿನೂ 1,800 ಹಾಕುತ್ತೆ, ಆ ಕಂಪನಿ ದುಡ್ಡಲ್ಲಿ 1,250 ಪೆನ್ಶನ್‌ಗೆ ಹೋಗಿ 550 ಪಿಎಫ್‌ಗೆ ಸೇರುತ್ತೆ. ಪೆನ್ಶನ್ ಬೇಕಂದ್ರೆ 10 ವರ್ಷ ಸರ್ವಿಸ್ ಆಗಿರ್ಬೇಕು, ಕೆಲಸ ಬಿಡುವಾಗ ಕಂಪನಿ ಒಟ್ಟಿಗೆ ಕೊಡೋ ಗ್ರಾಚ್ಯುಟಿಗೆ 5 ವರ್ಷ.

ನಾಲ್ಕೂವರೆ ವರ್ಷ ದುಡಿದು, ಬಸುರಿ ಇರುವಾಗ್ಲೇ ರಾಜೀನಾಮೆ ಬರೆದುಕೊಟ್ಟು ಬಂದವರನ್ನ ನೋಡಿದ್ರೆ ನನಗೆ ತುಂಬಾ ಸಂಕಟ ಆಗುತ್ತೆ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಆದ್ಮೇಲೆ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಮೇತ ರಜೆ ಇದೆ, ಹೆರಿಗೆಗೆ ಮುಂಚಿನ ಒಂದು ವರ್ಷದಲ್ಲಿ 80 ದಿನ ಕೆಲಸ ಮಾಡಿದ್ರೆ ಸಾಕು, ಆ ರಜೆನೂ ಸರ್ವಿಸ್‌ಗೆ ಸೇರುತ್ತೆ. ರಜೆಯಲ್ಲೇ 5 ವರ್ಷ ತುಂಬ್ತಿತ್ತು, ಆ ಅರ್ಧ ವರ್ಷದಲ್ಲಿ ಅತ್ತೆ, ಅಮ್ಮ ಯಾರು ಬರ್ತಾರೆ, ಮಗು ಹೇಗಿರುತ್ತೆ ಅಂತ ನೋಡ್ಕೊಂಡು ಆಮೇಲೆ ನಿರ್ಧಾರ ಮಾಡ್ಬಹುದಿತ್ತು. 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡೋ ಕಡೆ ಶಿಶುವಿಹಾರದ ವ್ಯವಸ್ಥೆನೂ ಇರ್ಲೇಬೇಕು, ದಿನಕ್ಕೆ ನಾಲ್ಕು ಸಲ ಹೋಗಿ ಮಗು ನೋಡ್ಬಹುದು. ಎಷ್ಟೋ ಕಡೆ ಅದು ಹೆಸರಿಗಷ್ಟೇ, ನಿಜ. ಆದ್ರೂ ಎಚ್‌ಆರ್‌ಗೆ ಬರವಣಿಗೆಯಲ್ಲಿ ಕೇಳಿ, ಬಾಯಿಮಾತಲ್ಲಿ ಕೇಳಿದ್ರೆ ನಾಳೆ ನೋಡೋಣ ಅಂತಾರೆ ಅಷ್ಟೇ.

ಬಿಟ್ಟೇ ಬಿಡ್ತೀನಿ ಅಂದ್ರೆ ಬೇಡ ಅನ್ನೋಕೆ ನಾನ್ಯಾರು, ಮನೆ ಪರಿಸ್ಥಿತಿ ಅವರವರಿಗೇ ಗೊತ್ತು. ಪಿಎಫ್ ದುಡ್ಡು ತೆಗೆದ್ರು ಅಂತ ಬಯ್ಯೋದೂ ಸರಿಯಲ್ಲ. ಪಿಎಫ್ ತೆಗೆಯೋಕೆ ಕೇಂದ್ರ ಸರ್ಕಾರ ಅಡ್ಡಿ ಹಾಕಿದಾಗ 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಮಕ್ಕಳು ಸಾವಿರಾರು ಜನ ಬೀದಿಗಿಳಿದು ಹೊಸೂರು ರಸ್ತೆ ನಿಲ್ಲಿಸಿದ್ರು, ಸರ್ಕಾರ ಆ ನಿಯಮ ವಾಪಸ್ ತಗೊಳ್ತು. ಅವ್ರಿಗೆ ಸಾಲ, ಸ್ಕೂಲ್ ಫೀಸು ಎಲ್ಲಕ್ಕೂ ಇದ್ದಿದ್ದು ಅದೊಂದೇ ದುಡ್ಡು.

ಹಾಗಾಗಿ ಅಗತ್ಯ ಇದ್ರೆ ಪಿಎಫ್ ತೆಗೀರಿ, ಪೆನ್ಶನ್ ಭಾಗ ಮಾತ್ರ ಮುಟ್ಬೇಡಿ. ಪೆನ್ಶನ್ ಭಾಗಕ್ಕೆ ಹಾಕೋ ಫಾರ್ಮ್ 10ಸಿಯಲ್ಲಿ ದುಡ್ಡಿನ ಬದಲು ಸ್ಕೀಮ್ ಸರ್ಟಿಫಿಕೇಟ್, ಅಂದ್ರೆ ಹಳೇ ಸರ್ವಿಸ್ ಬರೆದಿಡೋ ಪತ್ರ, ಕೇಳ್ಬಹುದು, ನಾಲ್ಕು ವರ್ಷ ಬಿಟ್ಟು ಬೇರೆ ಕಂಪನಿ ಸೇರಿದ್ರೂ ಹಳೇ ಸರ್ವಿಸ್ ಅದರ ಜೊತೆ ಸೇರಿಕೊಳ್ಳುತ್ತೆ. ಯುಎಎನ್, ಅಂದ್ರೆ ನಿಮ್ಮ ಪಿಎಫ್ ನಂಬರ್, ಹಳೇದೇ ಕೊಡಿ, ಹೊಸದು ಮಾಡಿಸ್ಬೇಡಿ.