ಕಿತ್ತೂರಿನ ಆ ದಿನ ಬಂದೂಕು ಹಳೇದಾಗಿರಲಿಲ್ಲ

ಅಕ್ಟೋಬರ್ 23 ಹತ್ತಿರ ಬಂತು ಅಂದರೆ ಬೆಳಗಾವಿ ಉದ್ಯಮಬಾಗದ ನನ್ನ ಶೆಡ್ಡಿಗೆ ಜನ ಬಂದೂಕು ಹೊತ್ತು ಬರುತ್ತಾರೆ. ಕಿತ್ತೂರು ಉತ್ಸವದ ಮೆರವಣಿಗೆಯವರು, ನಾಟಕದವರು, ಶಾಲೆ ಮಾಸ್ತರರು. ಎಲ್ಲವೂ ಗುಂಡು ಹಾರದ ನಕಲು ಬಂದೂಕು. ಎಲ್ಲರ ಬಾಯಲ್ಲೂ ಒಂದೇ ಮಾತು: ‘ಸರ್, ಇದು ಭಾಳ ಹೊಸದು ಕಾಣಸ್ತೈತಿ. ಒಂದೀಟು ತುಕ್ಕು ಹಿಡಿಸಿ ಕೊಡ್ರಿ.’

20 ವರ್ಷದಿಂದ ಇದೇ ಪಾಠ ಒಪ್ಪಿಸುತ್ತಿದ್ದೇನೆ. ಇವತ್ತು ಬರೆದೇ ಬಿಡೋಣ ಅನಿಸಿತು.

ಅಲ್ರೀ, ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಮುಂದೆ ಸತ್ತದ್ದು 1824ರಲ್ಲಿ. ಅವತ್ತು ಸಿಪಾಯಿಯ ಕೈಯಲ್ಲಿದ್ದ ಬಂದೂಕಿಗೆ ಎಷ್ಟು ವಯಸ್ಸು? ಹೆಚ್ಚೆಂದರೆ ಹತ್ತೋ ಇಪ್ಪತ್ತೋ ವರ್ಷ. ನೀವು ಮ್ಯೂಸಿಯಮ್ಮಿನ ಗಾಜಿನ ಹಿಂದೆ ನೋಡಿದ್ದು 200 ವರ್ಷ ಗೋಡೆಗೆ ಆನಿಸಿಟ್ಟ ಬಂದೂಕು. ಅದರ ಕಂದು ಬಣ್ಣ, ಗುಳಿಬಿದ್ದ ಕಬ್ಬಿಣ, ಸೀಳಿದ ಕಟ್ಟಿಗೆ, ಇವೆಲ್ಲ ಯುದ್ಧ ಮಾಡಿದ್ದಲ್ಲ. ಮಳೆಗಾಲಗಳು ಮಾಡಿದ್ದು. ನಿಮ್ಮ ಮೆರವಣಿಗೆ ತೋರಿಸುವುದು 1824ರ ಒಂದು ದಿನವನ್ನು. ಆ ಮಳೆಗಾಲಗಳು ಅವತ್ತಿಗೆ ಇನ್ನೂ ಬಂದೇ ಇಲ್ಲ. ಹಳೇ ಕಾಲದ ಬಂದೂಕು ಬೇರೆ, ಹಳೇ ಬಂದೂಕು ಬೇರೆ. ನಿಮ್ಮ ಅಜ್ಜಿಯ ಮದುವೆಯ ದೃಶ್ಯ ಆಡಿಸುವಾಗ ಮದುಮಗಳಿಗೆ ಸುಕ್ಕು ಬರೆದು ಕೂಡಿಸುತ್ತೀರಾ? ಇಲ್ಲ ಅಲ್ವಾ?

ಕಂಪನಿಯ ಸಿಪಾಯಿ ತನ್ನ ಬಂದೂಕಿನ ನಳಿಗೆಯನ್ನು ಇಟ್ಟಂಗಿ ಪುಡಿ, ಎಣ್ಣೆ ಹಾಕಿ ತಿಕ್ಕುತ್ತಿದ್ದ. ನಮ್ಮವ್ವ ಹಬ್ಬದ ಮುನ್ನಾದಿನ ಹಿತ್ತಾಳೆ ಕೊಡ ತಿಕ್ಕುತ್ತಿದ್ದ ಹಾಗೆ. ತುಕ್ಕು ಕಂಡರೆ ಶಿಕ್ಷೆ. ಎಲ್ಲ ಪಲ್ಟನ್ನುಗಳಲ್ಲೂ ನಳಿಗೆ ಬೆಳ್ಳಗೇ ಇತ್ತು ಅಂತ ನಾನು ಆಣೆ ಮಾಡಿ ಹೇಳುವುದಿಲ್ಲ. ಕಂದು ಲೇಪ ಮಾಡಿಸಿದ ಬಂದೂಕುಗಳೂ ಇದ್ದವು. ಅದೂ ಒಂದು ಥರದ ತುಕ್ಕೇ, ಆದರೆ ಹದವಾಗಿ ಬರಿಸಿ ತಿಕ್ಕಿ ನಯ ಮಾಡಿದ್ದು. ತುದಿಯಿಂದ ಬುಡದ ತನಕ ಒಂದೇ ಸಮ ಇರುತ್ತಿತ್ತು. ನೀವು ಆಸಿಡ್ ಸುರಿದು ತರಿಸುವ ಕಜ್ಜಿ ಅದಲ್ಲ.

ಒಮ್ಮೆ ಮರಾಠಾ ಲೈಟ್ ಇನ್‌ಫಂಟ್ರಿಯಿಂದ ನಿವೃತ್ತರಾದ ಹವಾಲ್ದಾರರೊಬ್ಬರು ಶೆಡ್ಡಿಗೆ ಬಂದಿದ್ದರು, ಗೇಟಿನ ವೆಲ್ಡಿಂಗ್ ಕೆಲಸಕ್ಕೆ. ಮೇಜಿನ ಮೇಲೆ ನಾಟಕ ತಂಡವೊಂದು ‘ಹಳೇದು’ ಮಾಡಿ ತಂದಿದ್ದ ಬಂದೂಕು ಇತ್ತು. ಟಾಯ್ಲೆಟ್ ತೊಳೆಯುವ ಆಸಿಡ್ ಬಳಿದು ರಾತ್ರಿಯಿಡೀ ಹೊರಗೆ ಮಲಗಿಸಿದ್ದರು. ಚಕಮಕಿ ಕಲ್ಲು ಕಚ್ಚಿಕೊಂಡು ಬಡಿಯುವ ‘ಕುದುರೆ’ ಎಳೆದರೆ ಅಲ್ಲಾಡದು, ಸ್ಪ್ರಿಂಗ್ ಹಿಡಿದುಬಿಟ್ಟಿತ್ತು. ಹವಾಲ್ದಾರರು ಅದನ್ನು ಎತ್ತಿದರು, ನಳಿಗೆಯ ಮೇಲೆ ಹೆಬ್ಬೆರಳು ಎಳೆದರು, ಬೆರಳು ನೋಡಿಕೊಂಡರು. ‘ಇದು ಯಾವನದು?’ ಅಂದರು. ನಾಟಕದ್ದು ಅಂದೆ. ‘ಸಿಪಾಯಿ ಪಾತ್ರ ಇರಲಿಕ್ಕಿಲ್ಲ ಬಿಡ್ರಿ’ ಅಂತ ಕೆಳಗಿಟ್ಟರು. ನಾನು ಅರ್ಧ ಗಂಟೆ ಹೇಳುವುದನ್ನು ಅವರು ಹೆಬ್ಬೆರಳಿನಲ್ಲೇ ಹೇಳಿದರು.

ಹಾಗಾದರೆ ನಕಲು ಬಂದೂಕು ‘ಹೊಸದು’ ಅಂತ ಕಣ್ಣಿಗೆ ಚುಚ್ಚುವುದು ಯಾಕೆ? ಅದು ಹೊಸದು ಅಂತಲ್ಲ, ನಮ್ಮ ಕಾಲದ್ದು ಅಂತ. ಕಟ್ಟಿಗೆಗೆ ಸೋಫಾಕ್ಕೆ ಹೊಡೆಯುವ ಹೊಳೆಯುವ ವಾರ್ನಿಶ್ ಇರುತ್ತದೆ. ಸ್ಕ್ರೂ ತಲೆಯಲ್ಲಿ ಪ್ಲಸ್ ಗುರುತು. ನಳಿಗೆಗೆ ಕರೀ ಬಣ್ಣ. ಎಲ್ಲೋ ಒಂದು ಕಡೆ ತಯಾರಕರ ನಂಬರು ಕುಟ್ಟಿರುತ್ತದೆ. ಕಟ್ಟಿಗೆ ಬೇರೆ ಒನಕೆಯ ಹಾಗೆ ದಪ್ಪ.

ವಾರ್ನಿಶ್ ಕೆರೆದು ತೆಗೆಯಿರಿ. ಕೆಲಸದ ಮುಕ್ಕಾಲು ಭಾಗ ಅಲ್ಲೇ ಮುಗಿಯಿತು. ಆಮೇಲೆ ಲಾಕಿನ, ಅಂದರೆ ಕುದುರೆ ಕೂಡಿಸಿದ ಕಬ್ಬಿಣದ ತಗಡಿನ ಸುತ್ತ ಮತ್ತು ಮುಂದಿನ ಕೈ ಹಿಡಿಯುವಲ್ಲಿ ಕಟ್ಟಿಗೆಯನ್ನು ಅರದಿಂದ ಸ್ವಲ್ಪ ಸ್ವಲ್ಪ ಇಳಿಸಿ. ಕೈಗೆತ್ತಿಕೊಂಡು ನೋಡುತ್ತಾ ಇಳಿಸಿ, ಅವಸರ ಬೇಡ. ಕೊನೆಗೆ ಅಗಸಿ ಎಣ್ಣೆ. ಹೌದು, ನಾವು ಚಟ್ನಿಪುಡಿ ಮಾಡುವ ಅಗಸಿಯದೇ. ನಾಲ್ಕು ಹನಿ ಅಂಗೈಗೆ ಹಾಕಿಕೊಂಡು ಕಟ್ಟಿಗೆ ಬೆಚ್ಚಗಾಗುವ ತನಕ ಉಜ್ಜಬೇಕು. ಒಣಗಲು ಬಿಡಬೇಕು, ಮತ್ತೆ ಉಜ್ಜಬೇಕು. ಮೂರನೇ ಸಲಕ್ಕೆ ಕಟ್ಟಿಗೆಯ ಗೆರೆಗಳು ಮೇಲೆ ಬರುತ್ತವೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸಿ ಎಣ್ಣೆ ಒಣಗುವಾಗ ಕಾವು ಏಳುತ್ತದೆ. ಮುದ್ದೆಯೊಳಗೆ ಆ ಕಾವು ಕೂಡಿ, ಕಡ್ಡಿ ಗೀರದೆ ಬೆಂಕಿ ಹತ್ತುತ್ತದೆ. ಬಿಡಿಸಿ ಹೊರಗೆ ಹರವಿ, ಇಲ್ಲ ನೀರಲ್ಲಿ ಮುಳುಗಿಸಿಡಿ. ನನ್ನ ಶೆಡ್ಡಿನಲ್ಲಿ ಒಂದು ಡಬ್ಬಿ ಹೊಗೆಯಾಡಿದ್ದನ್ನು ಕಣ್ಣಾರೆ ಕಂಡವನು ನಾನು.

ಬಳಕೆಯ ಗುರುತು ಬೇಡವೇ ಬೇಡ ಅಂತಲ್ಲ. ಬಳಸಿದ ಜಾಗದಲ್ಲಿ ಇರಲಿ. ರಂಜಕದ ಬಟ್ಟಲಿನ, ಅಂದರೆ ಕಿಡಿ ಬಿದ್ದು ಮೊದಲು ಹತ್ತುವ ಮದ್ದಿನ ಬಟ್ಟಲಿನ ಸುತ್ತ ಮದ್ದು ಉರಿದು ಕಬ್ಬಿಣ ಸ್ವಲ್ಪ ಕಪ್ಪಾಗಿರುತ್ತದೆ. ಚಕಮಕಿ ಕಲ್ಲು ಬಡಿಯುವ ಉಕ್ಕಿನ ಮುಖದ ಮೇಲೆ ಮೇಲಿಂದ ಕೆಳಗೆ ಗೀರುಗಳಿರುತ್ತವೆ. ಕಲ್ಲನ್ನು ಕುದುರೆಯ ಬಾಯಿಗೆ ಬರಿದೇ ಸಿಕ್ಕಿಸಬೇಡಿ. ಒಂದು ಚೂರು ತೊಗಲು ಸುತ್ತಿ ಬಿಗಿಯಿರಿ. ಈ ತೊಗಲಿನ ಚೂರು ಹತ್ತು ರೂಪಾಯಿಯದಲ್ಲ, ಆದರೆ ಗೊತ್ತಿದ್ದವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ.

ಲಾಕಿನ ಮೇಲಿನ ಮುದ್ರೆಗೂ ಕಾಲ ಇದೆ. ಈಸ್ಟ್ ಇಂಡಿಯಾ ಕಂಪನಿಯ ಬಂದೂಕುಗಳ ಮೇಲೆ ಸುಮಾರು 1808ರ ತನಕ ಹೃದಯದ ಆಕಾರದ ಗುರುತು. ಆಮೇಲೆ ಹಿಂಗಾಲಲ್ಲಿ ನಿಂತು ಕಿರೀಟ ಹಿಡಿದ ಸಿಂಹ. 1824ಕ್ಕೆ ಎರಡೂ ನಡೆಯುತ್ತವೆ ಅಂತ ನನ್ನ ಅಭಿಪ್ರಾಯ, ಹಳೇ ಸಾಮಾನನ್ನು ಯಾರೂ ಒಂದೇ ದಿನ ಎಸೆಯಲ್ಲ. ನಳಿಗೆ ಕಂಪನಿಯ ‘ಇಂಡಿಯಾ ಪ್ಯಾಟರ್ನ್’ ಬಂದೂಕಿಗೆ 39 ಇಂಚು. ನಿಮ್ಮದು 42 ಇಂಚಿನ ಹಳೇ ಮಾದರಿ ಇದ್ದರೆ ಚಿಂತೆ ಬೇಡ, ಮೂರು ಇಂಚಿಗೆ ಯಾರೂ ಟೇಪು ಹಿಡಿದು ಬರುವುದಿಲ್ಲ. ಆದರೆ ಚಕಮಕಿ ಕಲ್ಲಿನ ಬದಲು ಸಿಡಿಯುವ ಪುಟ್ಟ ಲೋಹದ ಟೊಪ್ಪಿಗೆಯಿಂದ ಹಾರುವ ಕೇಪಿನ ಬಂದೂಕು ಮಾತ್ರ ತರಬೇಡಿ. ಬ್ರಿಟಿಷ್ ಸೈನ್ಯಕ್ಕೆ ಕೇಪು ಬಂದದ್ದು 1830ರ ದಶಕದ ಕೊನೆಗೆ. ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ನೇಣಿಗೇರಿಸಿದ್ದು 1831ರಲ್ಲಿ. ಅವನನ್ನು ಹಿಡಿಯಲು ಬರುವ ಸಿಪಾಯಿಗಳ ಕೈಗೆ ಕೇಪಿನ ಬಂದೂಕು ಕೊಟ್ಟರೆ ಹೇಗೆ? 1857ರ ಹಲಗಲಿ ಬೇಡರ ರೂಪಕ ಮಾಡುವ ಮುಧೋಳದ ಕಡೆಯವರಿಗೆ ಸಿಪಾಯಿಗಳ ಕೈಗೆ ಅದು ಒಪ್ಪುತ್ತದೆ. ಆಯುಧ ಒಪ್ಪಿಸಿ ಅಂದದ್ದಕ್ಕೇ ಎದ್ದು ನಿಂತವರು ಅವರು. ಆ ಬೇಡರ ಕೈಗೆ ಮಾತ್ರ ಬತ್ತಿ ಹಚ್ಚಿ ಹಾರಿಸುವ ಊರ ಬಂದೂಕು ಕೊಡಿ, ಸಣ್ಣ, ನೇರ ಹಿಡಿಕೆ ಇರುವಂಥದ್ದು. ಕಿತ್ತೂರಿನ ಕಡೆಯವರಿಗೂ ಅಷ್ಟೇ. ಎರಡೂ ಕಡೆಗೆ ಒಂದೇ ಅಂಗಡಿಯ ಬಂದೂಕು ಕೊಟ್ಟರೆ ಯುದ್ಧವಲ್ಲ, ಎನ್‌ಸಿಸಿ ಪರೇಡ್ ಕಾಣುತ್ತದೆ.

ಎರಡು ಎಚ್ಚರಿಕೆ. ನಕಲು ಬಂದೂಕಿಗೆ ತೂತು ಕೊರೆದು ‘ಸುಮ್ನೆ ಹೊಗೆ ಬರಲಿ’ ಅಂತ ಕೇಳಬೇಡಿ. ನಕಲನ್ನು ನಿಜದ ಬಂದೂಕು ಮಾಡುವುದಕ್ಕೆ 1959ರ ಆಯುಧ ಕಾಯ್ದೆಯಲ್ಲಿ ಲೈಸೆನ್ಸ್ ಬೇಕು, ನನ್ನ ಹತ್ತಿರ ಇಲ್ಲ. ಇನ್ನು ವಾಡೆಯ ಅಟ್ಟದಲ್ಲಿ ಮುತ್ತಜ್ಜನ ನಿಜವಾದ ಬಂದೂಕು ಸಿಕ್ಕರೆ ಉಜ್ಜಲು ಹೋಗಬೇಡಿ, ನನ್ನ ಹತ್ತಿರವೂ ತರಬೇಡಿ. ಒಳಗೆ ಮದ್ದು ಗಿಡಿದದ್ದು ಹಾಗೇ ಇರಬಹುದು. ಮೊದಲು ಪೊಲೀಸ್ ಠಾಣೆಗೆ ತಿಳಿಸಿ.

ಹೋದ ವರ್ಷ ಬೈಲಹೊಂಗಲ ಕಡೆಯ ಮಾಸ್ತರರೊಬ್ಬರು ನನ್ನ ಮಾತು ಕೇಳಿದರು, ಪುಣ್ಯಾತ್ಮರು. ಬೆಳ್ಳಗೆ ತಿಕ್ಕಿದ ನಳಿಗೆ, ಅಗಸಿ ಎಣ್ಣೆಯ ಕಟ್ಟಿಗೆ, ಲಾಕಿನ ಮೇಲೆ ನಾನು ಎರಡು ಸಂಜೆ ಕೂತು ತೆಳುವಾಗಿ ಕೊರೆದ ಸಿಂಹ. ‘ಸಿಪಾಯಿ ಆದವ ದಿನಾ ತಿಕ್ಕಬೇಕು’ ಅಂತ ಸಿಪಾಯಿ ಪಾತ್ರದ ಹುಡುಗನಿಗೆ ಹೇಳಿ ಕಳಿಸಿದ್ದೆ. ತಿಂಗಳು ಬಿಟ್ಟು ಅವನೇ ಬಂದೂಕು ವಾಪಸ್ ತಂದ. ಕೈಚೀಲದಲ್ಲಿ ಅರ್ಧ ಇಟ್ಟಂಗಿ. ಲಾಕು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಕಿರೀಟ ಉಳಿದಿತ್ತು, ಸಿಂಹ ಹೋಗಿತ್ತು.