ಪದ ಪರಿಚಯ: 68 ನಂಬರ್ ಆಯಿಲ್

ಬಳ್ಳಾರಿಯ ಆಯಿಲ್ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತರೆ ಸಾಕು, ಈ ಮಾತು ಕಿವಿಗೆ ಬೀಳುತ್ತದೆ: "ಅಣ್ಣಾ, 68 ಒಂದು ಬಕೆಟ್ ಕೊಡು." ಸಂಡೂರಿನ ಗಣಿಯ ಹಿಟಾಚಿಗೂ 68, ಕುಷ್ಟಗಿ ಕಡೆಯ ಕಲ್ಲು ಕ್ವಾರಿಗೂ 68. ಕೇಳುವುದು ಮಣ್ಣು, ಕಲ್ಲು ತೋಡುವ ಮಷಿನ್‌ಗಳ ಬೂಮನ್ನು, ಅಂದರೆ ದೊಡ್ಡ ತೋಳನ್ನು, ಒತ್ತಡದಿಂದ ಎತ್ತಿಳಿಸುವ ಹೈಡ್ರಾಲಿಕ್ ಎಣ್ಣೆ. ಏನಿದು 68? ಅದು ಎಣ್ಣೆಯ ಶಕ್ತಿ ಎಂದು ಬಹಳ ಜನ ನಂಬಿದ್ದಾರೆ. 46ಕ್ಕಿಂತ 68 ಮೇಲು, 100 ಇನ್ನೂ ಮೇಲು ಎಂಬ ಲೆಕ್ಕ. ಈ ಲೆಕ್ಕ ತಪ್ಪು.

68 ಅನ್ನುವುದು ಎಣ್ಣೆ ಎಷ್ಟು ಮಂದವಾಗಿದೆ ಎಂಬುದರ ಅಳತೆ. ಬೆಲ್ಲದ ಪಾಕ ಮೆಲ್ಲಗೆ ಇಳಿಯುತ್ತದೆ, ನೀರು ಸರ್ರನೆ ಹರಿಯುತ್ತದೆ ಅಲ್ವಾ? ಆ ವ್ಯತ್ಯಾಸಕ್ಕೆ ಕೊಟ್ಟಿರುವ ಅಂಕಿ ಇದು. ಪೂರ್ತಿ ಹೆಸರು ಐಎಸ್‌ಒ ವಿಜಿ 68. ಐಎಸ್‌ಒ ಅಂದರೆ ಅಳತೆ, ಗುಣಮಟ್ಟಗಳನ್ನು ಗೊತ್ತುಮಾಡುವ ಅಂತರರಾಷ್ಟ್ರೀಯ ಸಂಸ್ಥೆ. ವಿಜಿ ಅಂದರೆ ವಿಸ್ಕಾಸಿಟಿ ಗ್ರೇಡ್, ಮಂದದ ದರ್ಜೆ. ಎಣ್ಣೆಯನ್ನು 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆದಾಗ 68 ಸೆಂಟಿಸ್ಟೋಕ್ (ಮಂದ ಅಳೆಯುವ ಮಾನ) ಬರಬೇಕು. ಶೇಕಡಾ 10 ಆಚೀಚೆ ಆದರೆ ನಡೆಯುತ್ತದೆ. 61.2ರಿಂದ 74.8ರವರೆಗೆ ಎಲ್ಲಿದ್ದರೂ ಅದು 68ನೇ. ಹೋಲಿಕೆಗೆ, 20 ಡಿಗ್ರಿಯ ನೀರು ಸುಮಾರು 1 ಸೆಂಟಿಸ್ಟೋಕ್.

ಆ 40 ಡಿಗ್ರಿಯನ್ನು ಮರೆಯಬಾರದು. ರಾಯಚೂರಿನ ಮೇ ತಿಂಗಳಲ್ಲಿ ಗಾಳಿಯೇ ಅಷ್ಟು ಕಾಯ್ದಿರುತ್ತದೆ. ಮಷಿನ್ ದುಡಿಯಲು ಶುರುವಾದ ಮೇಲೆ ಎಣ್ಣೆ 70, 80 ಡಿಗ್ರಿಗೂ ಏರಬಹುದು. ಬಿಸಿ ಏರಿದಷ್ಟೂ ಎಣ್ಣೆ ತೆಳ್ಳಗಾಗುತ್ತದೆ. ಸಾಮಾನ್ಯ 68 ಎಣ್ಣೆ 100 ಡಿಗ್ರಿಯಲ್ಲಿ 9 ಸೆಂಟಿಸ್ಟೋಕ್‌ನ ಆಸುಪಾಸಿಗೆ ಇಳಿದುಬಿಡುತ್ತದೆ! "ಬೆಳಗ್ಗೆ ಇದ್ದ ಜೋರು ಮಧ್ಯಾಹ್ನ ಇಲ್ಲ, ಬೂಮ್ ನಿಧಾನ ಏಳ್ತದೆ" ಎಂದು ಆಪರೇಟರ್ ಹೇಳಿದರೆ ಸುಮ್ನೆ ತಳ್ಳಿಹಾಕಬೇಡಿ. ತೆಳುವಾದ ಎಣ್ಣೆ ಪಂಪಿನ ಒಳಸಂದಿಗಳಲ್ಲಿ ಹಿಂದಕ್ಕೆ ಜಾರುತ್ತಿರುತ್ತದೆ. ನಮ್ಮಂಥ ಬಿಸಿಲ ಸೀಮೆಯಲ್ಲಿ 68 ರೂಢಿಗೆ ಬಂದದ್ದಕ್ಕೆ ಅರ್ಥವಿದೆ. ಹಾಗಂತ 100 ಹಾಕಿದರೆ ಇನ್ನೂ ಒಳ್ಳೆಯದು ಎಂದಲ್ಲ. ಚಳಿಗಾಲದ ಬೆಳಗ್ಗೆ ಅಷ್ಟು ಮಂದ ಎಣ್ಣೆಯನ್ನು ಪಂಪ್ ಎಳೆಯಲಾರದೆ ಗುಂಯ್ ಎಂದು ಕೂಗುತ್ತದೆ, ಒಳಗೇ ಸವೆಯುತ್ತದೆ.

ಇನ್ನೊಂದು ವಿಷಯ. ಕಂಪ್ರೆಸರ್ ಆಯಿಲ್ ಡಬ್ಬದ ಮೇಲೂ 68 ಇರುತ್ತದೆ, ಗೇರ್ ಆಯಿಲ್ ಮೇಲೂ ಇರುತ್ತದೆ. ಮಂದ ಒಂದೇ, ಜಾತಿ ಬೇರೆ. ಅದಕ್ಕೇ "68 ಕೊಡು" ಎಂದಷ್ಟೇ ಕೇಳಬೇಡಿ, "ಹೈಡ್ರಾಲಿಕ್ 68, ಎಡಬ್ಲ್ಯೂ" ಎಂದು ಕೇಳಿ. ಎಡಬ್ಲ್ಯೂ ಅಂದರೆ ಲೋಹ ಸವೆಯದಂತೆ ತಡೆಯುವ ಔಷಧ ಬೆರೆಸಿದ ಎಣ್ಣೆ. ಕೆಲವು ಮಷಿನ್‌ಗಳಿಗೆ 46 ಬೇಕು, ಕೆಲವಕ್ಕೆ ಬೇರೆಯದೇ ಎಣ್ಣೆ. ಮಷಿನ್ ಜೊತೆ ಬಂದ ಪುಸ್ತಕದ ಮಾತೇ ಕೊನೆ.

ನಂಬರ್ ಹೇಳದ ಇನ್ನೊಂದು ಸಂಗತಿ ಧೂಳು. ಸಂಡೂರಿನ ಕೆಂಪು ಧೂಳು ಎಂಥದ್ದು ಎಂದು ಅಲ್ಲಿ ಬಟ್ಟೆ ಒಗೆದವರಿಗೆ ಗೊತ್ತು. ವಾಲ್ವ್‌ನ ಒಳಸಂದಿ ಕೆಲವೇ ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ. ಕಣ್ಣಿಗೆ ಕಾಣದ ಕಣವೂ ಅಲ್ಲಿ ಕೂತು ಗೀಚುತ್ತದೆ. ನಮ್ಮ ಮಾವನ ಗಾಡಿಗೆ ಒಮ್ಮೆ ರಸ್ತೆ ಬದಿಯಲ್ಲೇ ಹೊಸ ಎಣ್ಣೆ ಸುರಿದರು. ಲಾಳಿಕೆ ಒರೆಸಿದ್ದು ನೂಲಿನ ವೇಸ್ಟ್‌ನಿಂದ. ತಿಂಗಳೊಳಗೆ ವಾಲ್ವ್ ಹಿಡಿದುಕೊಂಡಿತು. ಎಣ್ಣೆ ಸರಿಯಾದ 68ನೇ ಇತ್ತು. ಟ್ಯಾಂಕಿನ ಮುಚ್ಚಳದ ಸುತ್ತ ಮೊದಲು ಒರೆಸಿ, ನೂಲು ಬಿಡದ ಬಟ್ಟೆ ಬಳಸಿ, ಫಿಲ್ಟರ್ ಹಾಯಿಸಿ ತುಂಬಿ. ಹಳೇ ಫಿಲ್ಟರ್ ಉಳಿಸಬೇಡಿ.

ಟ್ಯಾಂಕ್ ಖಾಲಿ ಮಾಡಿದರೂ ಸಿಲಿಂಡರ್, ಹೋಸ್‌ಗಳಲ್ಲಿ ಹಳೇ ಎಣ್ಣೆ ಸಾಕಷ್ಟು ಉಳಿದಿರುತ್ತದೆ. ಹಳೆಯದು ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ, ಕಪ್ಪಾಗಿ ಸುಟ್ಟ ವಾಸನೆ ಬಂದರೆ ಜಾಸ್ತಿ ಕಾಯ್ದಿದೆ. ಆಗ ಟ್ಯಾಂಕಿನ ಎಣ್ಣೆಯೊಂದನ್ನೇ ಬದಲಾಯಿಸಿದರೆ ಸಾಲದು.

ಏನನ್ನಾದರೂ ಬಿಚ್ಚುವ ಮೊದಲು ಮಷಿನ್‌ನ ತೋಡುವ ಬಕೆಟ್ ನೆಲಕ್ಕೆ ಊರಿ. ಎಂಜಿನ್ ನಿಲ್ಲಿಸಿ, ಲಿವರ್ ಆಚೀಚೆ ಆಡಿಸಿ ಪ್ರೆಶರ್ ಇಳಿಸಿ. ದೊಡ್ಡ ಮಷಿನ್‌ಗಳಲ್ಲಿ ಅದು 300 ಬಾರ್ ದಾಟುತ್ತದೆ (ಒಂದು ಬಾರ್ ಅಂದರೆ ಹೆಚ್ಚುಕಮ್ಮಿ ನಮ್ಮ ಸುತ್ತಲ ಗಾಳಿಯ ಒತ್ತಡ). ಸೋರುವ ಹೋಸ್ ಮೇಲೆ ಬೆರಳಿಟ್ಟು ನೋಡಲೇಬೇಡಿ, ರಟ್ಟು ಹಿಡಿಯಿರಿ. ಸೂಜಿಮೊನೆಯಷ್ಟು ತೂತಿನಿಂದ ಬರುವ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಸಣ್ಣದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಓಡಬೇಕು, ತಡವಾದರೆ ಬೆರಳೇ ಹೋಗಬಹುದು.

ಎಲ್ಲ ಮುಗಿದ ಮೇಲೆ ಟ್ಯಾಂಕಿನ ಪಕ್ಕ ಪೇಂಟಿನಲ್ಲಿ ಮೂರು ಮಾತು ಬರೆಯಿರಿ: ಎಣ್ಣೆಯ ಜಾತಿ, ನಂಬರ್, ಬದಲಾಯಿಸಿದಾಗ ಮೀಟರ್ ತೋರಿಸಿದ, ಮಷಿನ್ ಒಟ್ಟು ಓಡಿದ ಗಂಟೆ.