ಮೊದಲ ದಮ್ಮು, ನಾಲ್ಕು ಜೊತೆ ಕಣ್ಣು

ಕಾಲೇಜು ಬಿಟ್ಟ ಹೊತ್ತು. ಬೀಡಾ ಅಂಗಡಿಯ ಕಂಬಕ್ಕೆ ಕಟ್ಟಿದ ಹಗ್ಗದ ತುದಿಯಲ್ಲಿ ಕಿಡಿ ಇನ್ನೂ ಆರಿಲ್ಲ. ಐವರು ಹುಡುಗರು, ಒಂದೇ ಸಿಗರೇಟು. ಕೈಯಿಂದ ಕೈಗೆ ದಾಟಿ ಐದನೆಯವನ ಹತ್ತಿರ ಬರುತ್ತದೆ. "ಒಂದ್ ದಮ್ ಎಳಿ ಮಗಾ." ಎಳೆಯುತ್ತಾನೆ. ಕೆಮ್ಮು, ಕಣ್ಣಲ್ಲಿ ನೀರು. ಎಲ್ಲರೂ ನಗುತ್ತಾರೆ, ಅವನೂ ನಗುತ್ತಾನೆ. ಆ ನಗುವಿನಲ್ಲಿ ತನಗೂ ಒಂದು ಪಾಲು ಇರಲಿ ಅಂತಲೇ ಅವನು ಎಳೆದದ್ದು. ರುಚಿಗೆ ಅಂತ ಯಾರು ಶುರು ಮಾಡುತ್ತಾರೆ?

ಗೆಳೆಯರ ಕಣ್ಣಿಗೆ ಎಷ್ಟು ಬಲ ಇದೆ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೀನ್‌ಬರ್ಗ್ 2005ರಲ್ಲಿ ಒಂದು ಕಾರ್ ಗೇಮ್‌ನಿಂದ ತೋರಿಸಿದರು. ಹಳದಿ ದೀಪ ಬಿದ್ದ ಮೇಲೂ ಕಾರು ಓಡಿಸಿದರೆ ಜಾಸ್ತಿ ಅಂಕ. ಆದರೆ ಯಾವ ಗಳಿಗೆಯಲ್ಲಾದರೂ ಗೋಡೆಗೆ ಗುದ್ದಬಹುದು. 13ರಿಂದ 16 ವರ್ಷದ ಮಕ್ಕಳು ಒಬ್ಬರೇ ಆಡಿದಾಗ ಹುಷಾರಾಗಿದ್ದರು. ಗೆಳೆಯರು ಪಕ್ಕಕ್ಕೆ ಬಂದರೋ, ಸಿಕ್ಕಾಪಟ್ಟೆ ನುಗ್ಗಿಸಿದರು. 24 ದಾಟಿದವರ ಆಟ ಮಾತ್ರ ಯಾರು ನೋಡಿದರೂ ಬದಲಾಗಲಿಲ್ಲ. 2011ರಲ್ಲಿ ಇಂಥದ್ದೇ ಆಟವನ್ನು ಮೆದುಳಿನ ಸ್ಕ್ಯಾನ್ ಮಾಡುತ್ತಾ ಆಡಿಸಿದರು. ಗೆಳೆಯರು ಪಕ್ಕದ ಕೋಣೆಯಿಂದ ಸುಮ್ನೆ ನೋಡುತ್ತಿದ್ದಾರೆ ಅಂತ ಗೊತ್ತಾದರೆ ಸಾಕು, ಖುಷಿಗೆ ಸ್ಪಂದಿಸುವ ಭಾಗ ಹದಿಹರೆಯದವರಲ್ಲಿ ಚುರುಕಾಗುತ್ತಿತ್ತು.

ಹಾಗಾಗಿ ಬರೀ ಹೆದರಿಸಿದರೆ ಆಗುವುದಿಲ್ಲ. ಪ್ಯಾಕಿನ ಶೇ. 85 ಭಾಗದಲ್ಲಿ ಎಚ್ಚರಿಕೆ ಇರುತ್ತದೆ, ನಿಜ. ಆದರೆ ಬಿಡಿಯಾಗಿ ಒಂದು ಕೊಳ್ಳುವ ಹುಡುಗನ ಕೈಗೆ ಆ ಪ್ಯಾಕೇ ಬರುವುದಿಲ್ಲ, ಅಲ್ವಾ? ಕರ್ನಾಟಕದಲ್ಲಿ ಈಗ 21 ತುಂಬದವರಿಗೆ ಮಾರುವಂತೆಯೇ ಇಲ್ಲ. ಅಂಗಡಿಯವನು ಕೊಡದಿದ್ದರೂ ಗೆಳೆಯ ಕೊಡುತ್ತಾನೆ.

ನನಗೆ ಧೈರ್ಯ ಕೊಡುವುದು ಮನಶ್ಶಾಸ್ತ್ರಜ್ಞ ಸಾಲಮನ್ ಆ್ಯಶ್ 1950ರ ದಶಕದಲ್ಲಿ ಮಾಡಿದ ಪ್ರಯೋಗ. ಗೆರೆಗಳ ಉದ್ದ ಹೋಲಿಸುವುದಷ್ಟೇ ಕೆಲಸ, ಮಗುವೂ ಹೇಳಬಹುದು. ಆದರೆ ಮೊದಲೇ ಹೇಳಿಕೊಟ್ಟಿದ್ದ ಗುಂಪು ಒಟ್ಟಾಗಿ ತಪ್ಪು ಹೇಳಿದಾಗ, ಕಾಲೇಜು ಹುಡುಗರೂ ಮೂರರಲ್ಲಿ ಒಂದು ಸಲದಷ್ಟು ಕಣ್ಣಾರೆ ಕಂಡದ್ದನ್ನು ಬಿಟ್ಟು ಗುಂಪಿನ ಮಾತಿಗೇ ಹೂಂ ಅಂದರು. ಆಮೇಲೆ ಆ್ಯಶ್ ಒಂದೇ ಬದಲಾವಣೆ ಮಾಡಿದರು. ಗುಂಪಿನಲ್ಲಿ ಒಬ್ಬನಿಂದ ಸರಿ ಉತ್ತರ ಹೇಳಿಸಿದರು. ತಪ್ಪುಗಳು ಕಾಲು ಭಾಗಕ್ಕೆ ಇಳಿದವು. ಒಬ್ಬನೇ ಒಬ್ಬ ಜೊತೆಗಿದ್ದದ್ದಕ್ಕೆ!

ಬೀಡಾ ಅಂಗಡಿಯ ಮುಂದೆಯೂ ಅಂಥವನೊಬ್ಬ ಇರುತ್ತಾನೆ. ಮಗನ ಶರ್ಟಿನಲ್ಲಿ ಹೊಗೆ ವಾಸನೆ ಬಂದ ದಿನ ನಾವು "ಯಾರು ಕಲಿಸಿದ್ದು?" ಅಂತ ಕೂಗಾಡುತ್ತೇವೆ. ನನಗೆ ಬೇರೆಯದನ್ನು ಕೇಳಬೇಕು ಅನ್ನಿಸುತ್ತದೆ: "ನಿಮ್ಮಲ್ಲಿ ಸೇದದೇ ಇರೋನು ಯಾರಪ್ಪ? ಭಾನುವಾರ ಅವನನ್ನ ಊಟಕ್ಕೆ ಕರ್ಕೊಂಡು ಬಾ."